ಬೀಗ ಮಾಡುವವನು, ಬೀಗ ಮಾರುವ ಬೀಗರು

ಜನವರಿ ೯, ಮಂಗಳವಾರ

ಪ್ರತಿ ವರ್ಷ ಕಾರ್ಖಾನೆಯಿಂದ ಒಂದು ಡೈರಿ ಸಿಗುತ್ತಿತ್ತು. ಈ ವರ್ಷ ಸಿಕ್ಕಿದ್ದು ಒಂದೇ ಹಾಳೆಯ ಕ್ಯಾಲೆಂಡರು. ಹನ್ನೆರಡು ತಿಂಗಳನ್ನೂ ಅದರಲ್ಲೇ ತುರುಕಿದ್ದಾರೆ. ಭಾನುವಾರ ಹುಡುಕಬೇಕೆಂದರೆ ಕನ್ನಡಕ ಬೇಕು.

ಈಗ ಬರೆಯುತ್ತಿರುವ ಡೈರಿ ಬೀಗರು ಕೊಟ್ಟದ್ದು. ಮಗಳ ಮಾವ. ಪೇಟೆ ಬೀದಿಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಹೆಸರು ರಟ್ಟಿನ ಮೇಲಿದ್ದರೆ ಸಹಿಸಬಹುದಿತ್ತು. ಪ್ರತಿ ಪುಟದ ಕೆಳಗೂ ಒಂದು ಸಾಲು ಅಚ್ಚಾಗಿದೆ: ‘ಹೊರದೇಶದ ಬೀಗಗಳು. ಎರಡು ಕೊಂಡರೆ ಒಂದು ಉಚಿತ.’

ಮೂವತ್ತೊಂದು ವರ್ಷದಿಂದ ಬೀಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವವನಿಗೆ ಆ ಮನುಷ್ಯ ಕೊಟ್ಟ ಉಡುಗೊರೆ ಇದು! ಒಲೆಗೆ ಹಾಕಬೇಕೆಂದಿದ್ದೆ. ನನ್ನವಳು ಕಿತ್ತುಕೊಂಡಳು.

“ದಿನಾ ಬಂದು ನನ್ನ ಹತ್ತಿರ ಗೊಣಗೋ ಬದಲು ಇದರಲ್ಲಿ ಗೊಣಗಿ. ಇದಕ್ಕೆ ಕಿವಿ ಇಲ್ಲ, ನೋಯಲ್ಲ.”

ಸರಿ, ಗೊಣಗುತ್ತೇನೆ. ಮೊದಲು ಕೆಳಗಿನ ಸಾಲಿಗೆ ಮಸಿ ಬಳಿದೆ. ದಿನವೂ ಬಳಿಯುವುದೇ.

ಇವತ್ತಿನ ಗೊಣಗಾಟ: ಸ್ಪ್ರಿಂಗ್ ಕೆಲಸ ಬಿಟ್ಟ. ಬೀಗದೊಳಗೆ ಸ್ಪ್ರಿಂಗ್ ಕೂರಿಸುತ್ತಿದ್ದುದರಿಂದ ಆ ಹೆಸರು. ಒಂದು ಕಡೆ ಕೂರಲಾರದ್ದರಿಂದ ಅದೇ ಗಟ್ಟಿಯಾಯಿತು. ನಲವತ್ತು ದಾಟಿದೆ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಊರಾಚೆ ಯಾವುದೋ ಪಾರ್ಸೆಲ್ ಗೋದಾಮಿಗೆ ಸೇರುತ್ತಾನಂತೆ. ಹನ್ನೆರಡು ವರ್ಷ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದವನು!

“ಅಣ್ಣ, ನೀವೂ ಹುಡುಕಿಕೊಳ್ಳಿ. ಈ ಹಡಗಿಗೆ ತೂತು ಬಿದ್ದಿದೆ” ಎಂದ.

“ಹೋಗೋ ದ್ರೋಹಿ” ಎಂದೆ. ಹಲ್ಲು ಕಿರಿದು ಹೋದ.

ಜನವರಿ ೨೨, ಸೋಮವಾರ

ಹತ್ತು ದಿನದ ಹಿಂದೆ ಮ್ಯಾನೇಜರ್ ಎಲ್ಲರನ್ನೂ ಕರೆದು ಮೇಜಿನ ಮೇಲೆ ಎರಡು ಬೀಗ ಇಟ್ಟರು. ಒಂದು ನಮ್ಮದು, ಇನ್ನೊಂದು ಹಡಗು ಹತ್ತಿ ಬಂದದ್ದು.

“ಅವರು ಇಡೀ ಬೀಗ ಮಾರೋ ಬೆಲೆಗೆ ನಮಗೆ ಬರೀ ಹಿತ್ತಾಳೆ ಬರುತ್ತೆ. ನೀವೇ ಹೇಳಿ, ಏನು ಮಾಡಲಿ?”

ಪಾಲಿಶ್ ಅಕ್ಕ ಹೊರದೇಶದ ಬೀಗವನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ, “ಹೊಳಪು ಪರವಾಗಿಲ್ಲ ಸಾರ್” ಎಂದಳು. ಇಪ್ಪತ್ತು ವರ್ಷದಿಂದ ಪಾಲಿಶ್ ಮಾಡುತ್ತಿರುವವಳು, ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

ಇನ್ನು ಕಾಯಂ ಕೆಲಸಗಾರರನ್ನು ತೆಗೆದುಕೊಳ್ಳುವುದಿಲ್ಲವಂತೆ. ಮೂರು ತಿಂಗಳ ಗುತ್ತಿಗೆಯವರು ಬರುತ್ತಾರೆ, ನಾನು ಕಲಿಸಬೇಕು. ಬಂದೂ ಬಂದರು. ಬೀಗದ ಹೊಟ್ಟೆಯಲ್ಲಿ ಆರು ಹಿತ್ತಾಳೆಯ ತಗಡುಗಳಿರುತ್ತವೆ. ಅವೇ ಲೀವರ್. ಸರಿಯಾದ ಬೀಗದ ಕೈ ಹಾಕಿದರೆ ಆರೂ ಒಟ್ಟಿಗೆ ತಲೆ ಎತ್ತಬೇಕು, ಒಂದು ಮಲಗಿದ್ದರೂ ಬೀಗ ತೆರೆಯದು. ಇಷ್ಟನ್ನು ಕೈಗೆ ಕಲಿಸಲು ಎರಡು ವರ್ಷ ಬೇಕು. ಇವರು ಎರಡು ವಾರ ನಿಲ್ಲುವುದಿಲ್ಲ. ಒಬ್ಬ ಮೊದಲ ದಿನ ಟೀ ಹೊತ್ತಿಗೆ “ಒಂದು ಫೋನ್ ಮಾಡಿ ಬರ್ತೀನಿ” ಎಂದು ಹೋದವನು ಇನ್ನೂ ಮಾತಾಡುತ್ತಲೇ ಇದ್ದಾನೆ. ಇನ್ನೊಬ್ಬಳು ಮೂರನೇ ಲೀವರ್ ಕೂರಿಸುವಾಗ “ಇದನ್ನೇ ಎಷ್ಟು ವರ್ಷ ಮಾಡಿದಿರಿ?” ಎಂದಳು. ಮೂವತ್ತೊಂದು ಎಂದೆ. ಮರುದಿನ ಬರಲಿಲ್ಲ.

ಹೆಸರು ಕೇಳುವುದನ್ನೇ ಬಿಟ್ಟಿದ್ದೇನೆ. ಸೋಮವಾರ ಬಂದವರನ್ನು ಸೋಮವಾರ ಎಂದು ಕರೆಯುತ್ತೇನೆ.

ಫೆಬ್ರವರಿ ೪, ಭಾನುವಾರ

ಇವತ್ತು ನಾನು ಮಾಡಿದ್ದು ನೂರಕ್ಕೆ ನೂರು ಸರಿ. ಮೊದಲೇ ಬರೆದಿಡುತ್ತೇನೆ, ಏಕೆಂದರೆ ಮನೆಯಲ್ಲಿ ಬೇರೆ ಅಭಿಪ್ರಾಯವಿದೆ.

ಬೀಗರ ಮನೆಯಲ್ಲಿ ಊಟ. ಊಟ ಮುಗಿಸಿ ಕೆಳಗಿನ ಅಂಗಡಿಗೆ ಇಳಿದೆವು. ಗೋಡೆ ತುಂಬ ಹೊರದೇಶದ ಬೀಗಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಅಷ್ಟರಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ಗಂಡ ಹೆಂಡತಿ ಬಂದು ಒಂಬತ್ತು ಬೀಗ ಕೇಳಿದರು. ಆ ಮನುಷ್ಯ ನನ್ನತ್ತ ಓರೆಗಣ್ಣು ಬಿಟ್ಟು ಶುರುಮಾಡಿದರು:

“ಇದು ನೋಡಿ. ಕಳ್ಳ ಬಂದ್ರೆ ಕೈಮುಗಿದು ವಾಪಸ್ ಹೋಗ್ಬೇಕು. ಈ ಕಡೆ ಕಾರ್ಖಾನೆಗಳಲ್ಲಿ ಇಂಥದ್ದು ಮಾಡೋಕೆ ಇನ್ನೂ ಐವತ್ತು ವರ್ಷ ಬೇಕು.”

ನಾನು ನನ್ನವಳ ತಲೆಯಿಂದ ಒಂದು ಹೇರ್‌ಪಿನ್ ಎಳೆದುಕೊಂಡೆ. ಅಳಿಯನ ಕೈಗಡಿಯಾರದ ಪ್ರಕಾರ ಹನ್ನೊಂದು ಸೆಕೆಂಡು. ಬೀಗ ಬಾಯಿ ಬಿಟ್ಟಿತು. ಬೀಗರೂ ಬಿಟ್ಟರು.

ಗಂಡ ಹೆಂಡತಿ ಬರಿಗೈಲಿ ಹೋದರು. ಮಗಳು ಅಡುಗೆಮನೆಯಿಂದ ಬಂದವಳು ನನ್ನನ್ನು ಬಾಗಿಲಾಚೆ ಕರೆದಳು.

“ಅಪ್ಪ, ಆ ಒಂಬತ್ತು ಬೀಗ ಈ ವಾರದ ದೊಡ್ಡ ವ್ಯಾಪಾರ ಆಗ್ತಿತ್ತು. ಗೆದ್ದಿರಾ ಈಗ?”

“ಗೆಲ್ಲೋ ಮಾತಲ್ಲಮ್ಮ, ಅದು ಕಳಪೆ ಮಾಲು...”

“ಇಲ್ಲಿ ನಾನು ಬಾಳಬೇಕು.”

ದಾರಿಯುದ್ದಕ್ಕೂ ನನ್ನವಳು ಜಡೆ ಬಿಚ್ಚಿಕೊಂಡೇ ನಡೆದಳು. ಬಸ್ಸು ಹತ್ತುವಾಗ ಒಂದೇ ಮಾತು: “ಬೀಗ ಮಾಡ್ತಾ ಮಾಡ್ತಾ ಬೀಗೋದನ್ನೂ ಕಲಿತುಬಿಟ್ಟಿರಿ.”

ಫೆಬ್ರವರಿ ೫, ಸೋಮವಾರ

ಮಗಳು ಫೋನ್ ಎತ್ತಲಿಲ್ಲ. ಇಲ್ಲಿ ಇವಳದೂ ಮೌನ. ಯಾವ ಕಂಪನಿಯ ಬೀಗವೋ, ಯಾವ ಪಿನ್ನಿಗೂ ಜಗ್ಗುತ್ತಿಲ್ಲ.

ಫೆಬ್ರವರಿ ೧೮, ಭಾನುವಾರ

ಯಾರಿಗೂ ಹೇಳದ ವಿಷಯ.

ನಿನ್ನೆ ಮೂರು ಬೀದಿ ದಾಟಿ, ಗುರುತಿಲ್ಲದ ಅಂಗಡಿಗೆ ಹೋಗಿ, ಹೊರದೇಶದ ಬೀಗ ಒಂದನ್ನು ಕೊಂಡೆ. ಅಗ್ಗದ್ದಲ್ಲ, ಅದೇ ಕಂಪನಿಯ ದುಬಾರಿ ನಮೂನೆ. “ನಿಮ್ಮ ಮನೆಗಾ?” ಎಂದರೆ “ಪಕ್ಕದ ಮನೆಯವರಿಗೆ” ಎಂದೆ. ಈ ವಯಸ್ಸಿನಲ್ಲಿ ಕದ್ದು ಸಿಗರೇಟು ಸೇದಿದವನ ಹಾಗೆ ಬೀದಿಯ ಎರಡೂ ಕಡೆ ನೋಡಿಕೊಂಡು ಬಂದೆ.

ಇವತ್ತು ಇವಳು ಅಕ್ಕನ ಮನೆಗೆ ಹೋದ ಮೇಲೆ ಹಳೆ ಪೇಪರು ಹಾಸಿ ಬೀಗದ ಹೊಟ್ಟೆ ಬಗೆದೆ. ಬೈಯಲೆಂದೇ ಬಗೆದದ್ದು. ಲೀವರುಗಳನ್ನು ಒಂದೊಂದಾಗಿ ತೆಗೆದಿಟ್ಟೆ. ಅಂಚಿನಲ್ಲಿ ಒಂದೂ ಗರಗಸದ ಹಲ್ಲಿಲ್ಲ, ಬೆರಳು ಜಾರುತ್ತದೆ. ಪ್ರತಿ ಲೀವರಿನ ಹೊಟ್ಟೆಯಲ್ಲೂ ಅಕ್ಕಿಕಾಳಿನಷ್ಟು ಸಣ್ಣ ಕಚ್ಚು. ಪಿನ್ನು ಹಾಕಿ ಎತ್ತಿದರೆ ಆ ಕಚ್ಚು ಸಿಕ್ಕಿಕೊಳ್ಳುತ್ತದೆ. ಬೀಗ ತೆರೆಯಿತೆಂದು ಕಳ್ಳ ಭ್ರಮಿಸುತ್ತಾನೆ, ತೆರೆದಿರುವುದಿಲ್ಲ.

ಆ ಕಚ್ಚು ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ಅದನ್ನು ಕಾಗದದ ಮೇಲೆ ಬರೆದು ಮ್ಯಾನೇಜರಿಗೆ ಕೊಟ್ಟಿದ್ದೆ. “ನಮ್ಮ ಬೀಗ ಚೆನ್ನಾಗೇ ಹೋಗ್ತಿದೆಯಲ್ಲಪ್ಪ” ಎಂದು ಡ್ರಾಯರಿನಲ್ಲಿಟ್ಟರು.

ಕದ್ದರು ಎನ್ನೋಣವೆಂದರೆ ಕಾಗದ ಇನ್ನೂ ಆ ಡ್ರಾಯರಿನಲ್ಲೇ ಇದೆ, ಮೇಲೆ ಕಾಫಿ ಲೋಟದ ಗುರುತೂ ಇದೆ. ಸಮುದ್ರದ ಆಚೆ ಎಲ್ಲೋ ನನ್ನಂಥ ಒಬ್ಬ ಫಿಟ್ಟರ್ ಅದನ್ನೇ ಯೋಚಿಸಿದ. ಅವನ ಮ್ಯಾನೇಜರ್ ಕೇಳಿಸಿಕೊಂಡ. ಅಷ್ಟೇ ವ್ಯತ್ಯಾಸ.

ಎಲ್ಲ ಜೋಡಿಸಿ ಬೀಗವನ್ನು ಗೋಧಿ ಡಬ್ಬದ ಹಿಂದೆ ಅಡಗಿಸಿದ್ದೇನೆ.

ಮಾರ್ಚ್ ೧, ಶುಕ್ರವಾರ

ಲೀವರ್ ವಿಭಾಗ ಮುಚ್ಚಿತು. ಮುಚ್ಚಿತು ಎನ್ನಬಾರದಂತೆ, ‘ಪುನರ್‌ರಚನೆ’ ಎನ್ನಬೇಕಂತೆ. ನಮ್ಮ ಯಂತ್ರಗಳನ್ನು ಲಾರಿಗೆ ಪುನರ್‌ರಚಿಸಿದರು.

ಇನ್ನು ಮೇಲೆ ಹೊರದೇಶದ ಬೀಗಗಳು ಮೂಟೆಗಟ್ಟಲೆ ಬರುತ್ತವೆ. ನಾವು ಪೆಟ್ಟಿಗೆಗೆ ಹಾಕಿ ನಮ್ಮ ಕಂಪನಿಯ ಚೀಟಿ ಅಂಟಿಸುವುದು. ನನಗೊಂದು ಅಂಟಿನ ಡಬ್ಬಿ, ಒಂದು ಬ್ರಷ್ ಕೊಟ್ಟಿದ್ದಾರೆ. ಮ್ಯಾನೇಜರ್ ಬಂದು ನೋಡಿ, “ಚೀಟಿ ಸೊಟ್ಟ ಆಗಿದೆ” ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸದಲ್ಲಿ ಸಿಕ್ಕ ಮೊದಲ ತಪ್ಪು.

ಪಾಲಿಶ್ ಅಕ್ಕನೂ ಹೊರಟಳು. ಆಸ್ಪತ್ರೆ ಮಂಚ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. “ಪಾಲಿಶ್ ಮಾಡೋಕೆ ಏನಾದ್ರೂ ಇರಬೇಕಲ್ಲ ಅಣ್ಣ” ಎಂದಳು. ದ್ರೋಹಿ ಎಂದು ಬೈಯಲು ನಾಲಿಗೆ ಏಳಲಿಲ್ಲ, ಬಸ್ ಸ್ಟಾಪಿನವರೆಗೂ ಅವಳ ಚೀಲ ಹಿಡಿದುಕೊಂಡು ಹೋದೆ.

ಪುಟದ ಕೆಳಗಿನ ಸಾಲಿಗೆ ಮಸಿ ಬಳಿದಿಲ್ಲ. ಪೆನ್ನಿನಲ್ಲಿ ಮಸಿ ಕಡಿಮೆ ಇದೆ.

ಮಾರ್ಚ್ ೧೩, ಬುಧವಾರ

ಬೆಳಿಗ್ಗೆ ಹತ್ತೂವರೆಗೆ ಮಗಳ ಫೋನ್. ಐದು ವಾರದ ಮೇಲೆ.

“ಅಪ್ಪ, ಬೇಗ ಬನ್ನಿ. ಮಾವ ಗೋದಾಮಿನೊಳಗೆ ಸಿಕ್ಕಿಹಾಕಿಕೊಂಡಿದ್ದಾರೆ.”

ಅಂಟಿನ ಬ್ರಷ್ ಕೈಯಲ್ಲೇ ಇತ್ತು. ಹಾಗೇ ಗೇಟು ದಾಟಿದೆ. ಯಾರಿಗೂ ಹೇಳದೆ ಕೆಲಸದಿಂದ ಎದ್ದು ಹೋದದ್ದು ಜೀವಮಾನದಲ್ಲಿ ಇದೇ ಮೊದಲು. ಆಟೋದಲ್ಲಿ ಕೂತ ಮೇಲೆ ಪ್ಯಾಂಟಿಗೆ ಅಂಟು ಮೆತ್ತಿದ್ದು ಗೊತ್ತಾಯಿತು. ಇಳಿಯುವಾಗ ಸೀಟೂ ಜೊತೆಗೆ ಬರಲು ನೋಡಿತು.

ಅಂಗಡಿಯ ಹಿಂದಿನ ಗೋದಾಮಿಗೆ ಉಕ್ಕಿನ ಬಾಗಿಲು. ಅದಕ್ಕೆ ಬೀಗರು ತಮ್ಮದೇ ಅಂಗಡಿಯ ದುಬಾರಿ ಹೊರದೇಶದ ಬೀಗ ಹಾಕಿಸಿದ್ದಾರೆ. ಬಾಗಿಲು ಎಳೆದುಕೊಂಡರೆ ತಾನೇ ಬೀಳುವಂಥದ್ದು. ಪೇಂಟು ತರಲು ಒಳಗೆ ಹೋಗಿದ್ದಾರೆ, ಗಾಳಿಗೆ ಬಾಗಿಲು ಬಿದ್ದಿದೆ, ಒಳಗಡೆ ಬೀಗದ ಕೈ ಹಾಕಲು ತೂತಿಲ್ಲ, ಇರುವ ಹಿಡಿ ತಿರುಗಿಸಿದರೆ ಕೈಗೇ ಬಂದಿದೆ. ಗಾಬರಿಯಲ್ಲಿ ಕಾಲು ತಗುಲಿ ಥಿನ್ನರ್ ಡಬ್ಬ ಉರುಳಿದೆ. ಬಾಗಿಲ ಸಂದಿಯಿಂದಲೇ ಮೂಗು ಸುಡುವ ವಾಸನೆ.

ಅಳಿಯ ಪಕ್ಕದ ವರ್ಕ್‌ಶಾಪಿನಿಂದ ಕತ್ತರಿಸುವ ಮಷಿನ್ ತಂದು ಪ್ಲಗ್ಗಿಗೆ ಹಾಕುತ್ತಿದ್ದ. ಹಾರಿ ವೈರು ಕಿತ್ತೆ.

“ಕಿಡಿ ಹಾರಿದ್ರೆ ನಿಮ್ಮಪ್ಪನ ಜೊತೆ ಬೀದಿನೂ ಹೋಗುತ್ತೆ ಕಣಪ್ಪ! ಬೀಗದ ಕೈ ಎಲ್ಲಿ?”

“ಅಪ್ಪನ ಜೇಬಲ್ಲಿ.”

“ಎರಡನೇದು?”

ಅಳಿಯ ನೆಲ ನೋಡಿದ. “ಭದ್ರವಾಗಿರಲಿ ಅಂತ ಅದನ್ನೂ ಒಳಗೇ ಇಟ್ಟಿದ್ದಾರೆ.”

ಬಾಗಿಲ ಕೆಳಗೆ ಇಲಿ ಬರದಂತೆ ರಬ್ಬರ್ ಪಟ್ಟಿ ಬಡಿದಿದ್ದರು. ಇಲಿಯಿರಲಿ, ಬೀಗದ ಕೈಯೂ ನುಸುಳುವಂತಿರಲಿಲ್ಲ. ಮೇಲಿನ ಕಿಂಡಿಗೂ ಗಟ್ಟಿ ತಂತಿ ಜಾಲರಿ ಬಿಗಿದಿದ್ದರು.

ಮಗಳು ತನ್ನ ತಲೆಯಿಂದ ಎರಡು ಪಿನ್ ಕಿತ್ತು, ಕೇಳದೆಯೇ ಕೈಗಿಟ್ಟಳು. ಮಂಡಿಯೂರಿ ಕೂತೆ.

“ಬೀಗರೇ, ಕೇಳಿಸ್ತಾ ಇದೆಯಾ?”

“ಯಾರು, ಹನ್ನೊಂದು ಸೆಕೆಂಡಾ?” ದನಿ ಸಣ್ಣಗಾಗಿತ್ತು.

“ಹೌದು ನಾನೇ. ಕೂರಬೇಡಿ, ಥಿನ್ನರ್ ಆವಿ ಕೆಳಗೇ ನಿಲ್ಲುತ್ತೆ. ಮೇಲಿನ ಕಿಂಡಿ ಹತ್ತಿರ ಏನಾದ್ರೂ ಹತ್ತಿ ನಿಂತು ಉಸಿರಾಡಿ. ಮಾತಾಡ್ತಾ ಇರಿ, ನಿಲ್ಲಿಸಬೇಡಿ.”

“ಏನು ಮಾತಾಡ್ಲಿ?”

“ನನ್ನ ಬೈಯಿರಿ. ಅದಕ್ಕೆ ವಿಷಯ ಹುಡುಕಬೇಕಾಗಿಲ್ಲವಲ್ಲ.”

ಬೈದರು. ಮದುವೆಯಲ್ಲಿ ನಮ್ಮ ಕಡೆಯವರು ತಡವಾಗಿ ಬಂದದ್ದರಿಂದ ಶುರುಮಾಡಿ ಕ್ರಮವಾಗಿಯೇ ಬೈದರು. ನಾನು ಪಿನ್ನು ಹಾಕಿದೆ. ಮೊದಲ ಲೀವರು ಎದ್ದಿತು. ಎರಡನೆಯದು ಎದ್ದಿತು, ಟಕ್ಕೆಂದಿತು, ಸಿಕ್ಕಿಕೊಂಡಿತು. ಅದೇ ಕಚ್ಚು. ಒಂಬತ್ತು ವರ್ಷದ ಹಿಂದೆ ಯಾಕಾದರೂ ಆ ಯೋಚನೆ ನನ್ನ ತಲೆಗೆ ಬಂತೋ! ಬಿಟ್ಟು ಮತ್ತೆ ಹಾಕಿದೆ. ಮತ್ತೆ ಟಕ್.

“ಹನ್ನೊಂದು ಸೆಕೆಂಡು ಆಯ್ತು ಬೀಗರೇ” ಎಂದರು ಒಳಗಿನಿಂದ.

“ಈ ಬೀಗ ಬೇರೆ. ಇದು ಚೆನ್ನಾಗಿದೆ.”

ಒಳಗೆ ಒಂದು ಕ್ಷಣ ಸದ್ದಿಲ್ಲ. ಹೆದರಿದೆ.

“ಬೀಗರೇ!”

“ಇದೀನಿ. ನಿಮ್ಮ ಬಾಯಲ್ಲಿ ಆ ಮಾತು ಕೇಳಿ ಉಸಿರು ನಿಂತಿತು.” ಕೆಮ್ಮಿದರು. “ಚೆನ್ನಾಗಿದ್ದು ಏನು ಬಂತು? ಯಾರೂ ಕೊಳ್ತಿಲ್ಲ. ಅಂಗಡಿಗೆ ಬರ್ತಾರೆ, ಬೀಗ ಕೈಗೆ ತಗೊಂಡು ನೋಡ್ತಾರೆ, ಫೋನಲ್ಲಿ ಫೋಟೋ ಹೊಡೀತಾರೆ, ಮನೆಗೆ ಹೋಗಿ ಫೋನಲ್ಲೇ ಪಾರ್ಸೆಲ್ ಗೋದಾಮಿಂದ ತರಿಸಿಕೊಳ್ತಾರೆ. ನನ್ನದು ಅಂಗಡಿಯಲ್ಲ, ಮ್ಯೂಸಿಯಂ. ಆವತ್ತಿನ ಒಂಬತ್ತು ಬೀಗ ಇದ್ದವಲ್ಲ, ಆ ತಿಂಗಳು ಅದು ಬಿಟ್ರೆ ಬೇರೆ ಗಿರಾಕಿನೇ ಇರಲಿಲ್ಲ. ಯಾರಿಗೂ ಹೇಳಿಲ್ಲ. ಮಗನಿಗೂ.”

ಅಳಿಯ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ನಾನೂ ಹೇಳಿಲ್ಲ” ಎಂದೆ. “ಈಗ ಬೀಗ ಮಾಡ್ತಿಲ್ಲ ನಾನು. ಚೀಟಿ ಅಂಟಿಸ್ತೀನಿ. ನಿಮ್ಮ ಇದೇ ಬೀಗಕ್ಕೆ ನಮ್ಮ ಚೀಟಿ.”

ಒಳಗೆ ನಗು ಶುರುವಾಯಿತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನನಗೂ ತಡೆಯಲಾಗಲಿಲ್ಲ. ಉಕ್ಕಿನ ಬಾಗಿಲಿನ ಆಚೆಗೊಬ್ಬ ಈಚೆಗೊಬ್ಬ ಮುದುಕರು ನಗುತ್ತಿದ್ದರೆ ಬೀದಿಯವರೆಲ್ಲ ಥಿನ್ನರ್ ತಲೆಗೇರಿದೆ ಎಂದುಕೊಂಡರು.

ಕಚ್ಚು ಸಿಕ್ಕಿದಾಗ ಇನ್ನೂ ಎತ್ತಬಾರದು, ಕೂದಲೆಳೆಯಷ್ಟು ಇಳಿಸಿ ಪಕ್ಕಕ್ಕೆ ಒತ್ತಬೇಕು. ಇದು ನನಗೆ ಹೊಳೆದದ್ದು ಇಪ್ಪತ್ತನೇ ನಿಮಿಷಕ್ಕೆ. ಇಪ್ಪತ್ತಾರಕ್ಕೆ ಬಾಗಿಲು ತೆರೆಯಿತು. ಬೀಗರು ಸಿಮೆಂಟ್ ಮೂಟೆಯ ಮೇಲೆ ನಿಂತು ಕಿಂಡಿಗೆ ಮೂಗು ಒತ್ತಿದ್ದರು. ಇಳಿದು ಬಂದವರು ಬಿಳಿಚಿಕೊಂಡಿದ್ದರು. ನನ್ನ ಹೆಗಲು ಹಿಡಿದುಕೊಂಡರು. ಅಲ್ಲಿಗೂ ಅಂಟು ಮೆತ್ತಿದ್ದುದರಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಡಾಕ್ಟರು ಏನೂ ಆಗಿಲ್ಲ, ಎರಡು ದಿನ ತಲೆನೋವಿರುತ್ತದೆ ಎಂದರು. ಮಗಳು ಬಡಿಸುವಾಗ ನನ್ನ ತಟ್ಟೆಗೆ ಕೇಳದೆ ಎರಡನೇ ಸಲ ಹಾಕಿದಳು. ಅಷ್ಟು ಸಾಕು.

ಮಾರ್ಚ್ ೧೪, ಗುರುವಾರ

ಹೇಳದೆ ಹೋದದ್ದಕ್ಕೆ ಮೆಮೊ ಬಂತು. ಅದರ ಹಿಂಭಾಗ ಖಾಲಿಯಿತ್ತು, ಕಚ್ಚಿನ ಚಿತ್ರ ಬರೆದು ಬೀಗರಿಗೆ ತೋರಿಸಲು ಇಟ್ಟುಕೊಂಡೆ.

ಮಾರ್ಚ್ ೨೮, ಗುರುವಾರ

ಬಸ್ಸಿನಲ್ಲಿ ಸ್ಪ್ರಿಂಗ್ ಸಿಕ್ಕ. ಗೋದಾಮು ಬಿಟ್ಟು ಹಾಸಿಗೆ ಕಾರ್ಖಾನೆ, ಅದನ್ನೂ ಬಿಟ್ಟು ಈಗ ನೀರಿನ ಫಿಲ್ಟರ್ ಕಂಪನಿ. ಮೂರು ತಿಂಗಳಿಗೆ ಮೂರು ಕೆಲಸ. ಹಾಸಿಗೆಯದು ಯಾಕೆ ಬಿಟ್ಟೆ ಎಂದೆ. “ಅಲ್ಲೂ ಸ್ಪ್ರಿಂಗೇ ಹಾಕಿಸ್ತಿದ್ರು ಅಣ್ಣ” ಎಂದ. ಆಮೇಲೆ ನಗು ನಿಲ್ಲಿಸಿ, “ನಾನು ಬಿಟ್ಟೆ ಅಂತ ಹೇಳ್ಕೋತೀನಿ. ಗೋದಾಮಲ್ಲಿ ಅವರೇ ಬಿಡಿಸಿದ್ರು, ಮಷಿನ್ ಬಂತು” ಎಂದ.

ಇಳಿಯುವ ಮೊದಲು ಅವನ ನಂಬರು ಬರೆದುಕೊಂಡೆ. ಪಾಲಿಶ್ ಅಕ್ಕನ ನಂಬರನ್ನೂ ಅವನೇ ಕೊಟ್ಟ. ಸುಮ್ಮನೆ, ಇರಲಿ ಅಂತ.

ಏಪ್ರಿಲ್ ೬, ಶನಿವಾರ

ಆಸ್ಪತ್ರೆ ಮಂಚದ ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿದ್ದೆ. ಸುಮ್ಮನೆ ನೋಡಿಬರೋಣವೆಂದು. ನನ್ನವಳು ಶರ್ಟಿಗೆ ಇಸ್ತ್ರಿ ಹಾಕಿದ್ದು ಮಾತ್ರ ಸುಮ್ಮನೆ ಅನ್ನಿಸಲಿಲ್ಲ.

ಮೇಜಿನ ಹಿಂದೆ ನನ್ನ ಮಗಳ ವಯಸ್ಸಿನ ಅಧಿಕಾರಿ.

“ಎಷ್ಟು ಕಡೆ ಕೆಲಸ ಮಾಡಿದ್ದೀರಿ?”

“ಒಂದೇ ಕಡೆ.”

“ಯಾಕೆ?” ಎಂದಳು, ಏನೋ ಕಾಯಿಲೆ ಇತ್ತೇನೋ ಎಂಬಂತೆ.

ಮೂವತ್ತೊಂದು ವರ್ಷ ಹೆಮ್ಮೆಯಿಂದ ಹೇಳಿಕೊಂಡ ಮಾತಿಗೆ ಉತ್ತರ ಹುಡುಕುತ್ತ ತಡವರಿಸಿದೆ. “ಬಾಗಿಲು ತೆರೆದೇ ಇತ್ತು, ನೋಡಿರಲಿಲ್ಲ” ಎಂದುಬಿಟ್ಟೆ.

ಅವಳು ನಕ್ಕು ಒಳಗೆ ಕರೆದುಕೊಂಡು ಹೋದಳು. ಮಂಚದ ಚಕ್ರಕ್ಕೆ ಬ್ರೇಕ್ ಇರುತ್ತದೆ. ಕಾಲಲ್ಲಿ ಒತ್ತಿದರೆ ಚಕ್ರ ನಿಲ್ಲಬೇಕು, ರೋಗಿ ಮಲಗಿದ್ದಾಗ ಜಾರಬಾರದು. ಹತ್ತರಲ್ಲಿ ಒಂದು ಜಾರುತ್ತಿದೆಯಂತೆ. ಬಿಚ್ಚಿ ನೋಡಿದೆ. ಒಳಗೆ ಪುಟ್ಟ ಲೀವರು, ಅಂಚು ಒರಟು. ಅರ ಕೇಳಿದೆ, ಉಜ್ಜಿದೆ, ಹಾಕಿದೆ. ನಿಂತಿತು. “ಇದರ ಹೊಟ್ಟೆಗೊಂದು ಕಚ್ಚು ಕೊಟ್ರೆ ಜಾರಲ್ಲಮ್ಮ” ಎಂದೆ. ಅಲ್ಲೇ ಕಾಗದ ಪೆನ್ನು ಕೊಟ್ಟು, “ಬರೆದು ತೋರಿಸಿ” ಎಂದಳು.

ಆರು ತಿಂಗಳ ಗುತ್ತಿಗೆ. ಆಮೇಲೆ ಏನೋ ಗೊತ್ತಿಲ್ಲ. ಸಂಬಳವೂ ಹಳೆಯದಕ್ಕಿಂತ ಕಡಿಮೆ. ಹೂಂ ಎಂದು ಬಂದೆ.

ಏಪ್ರಿಲ್ ೧೯, ಶುಕ್ರವಾರ

ಕೊನೆಯ ದಿನ. ಭಾಷಣ, ಹಾರ, ಏನೂ ಇರಲಿಲ್ಲ. ಮಾಡುವವರು ಯಾರೂ ಉಳಿದಿಲ್ಲ. ಮ್ಯಾನೇಜರ್ ಕೈ ಹಿಡಿದುಕೊಂಡು, “ನಾನೂ ಹುಡುಕ್ತಾ ಇದ್ದೀನಿ, ಅಲ್ಲಿ ಏನಾದ್ರೂ ಇದ್ರೆ ಹೇಳಿ” ಎಂದರು. ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳುತ್ತೇನೆ.

ಈ ಸೋಮವಾರ ಬಂದ ಗುತ್ತಿಗೆಯ ಹೆಂಗಸಿಗೆ ಅಂಟಿನ ಬ್ರಷ್ ಒಪ್ಪಿಸಿದೆ. ಹೆಸರೇನಮ್ಮ ಎಂದು ಕೇಳಿದೆ. ಹೇಳಿದಳು.

ಗೇಟಿನ ಆಚೆ ಬಂದೆ. ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಎರಡು ಬಸ್ಸು ಬಿಟ್ಟೆ.

ಏಪ್ರಿಲ್ ೨೨, ಸೋಮವಾರ

ಹೊಸ ಕೆಲಸದ ಮೊದಲ ದಿನ. ಬೆಳಿಗ್ಗೆ ಏಳಕ್ಕೇ ನಮ್ಮ ಬೀಗರು ಸ್ಕೂಟರ್ ತಂದು ಮನೆ ಮುಂದೆ ಹಾರ್ನ್ ಹೊಡೆದರು. ಬಸ್ಸಿದೆ ಎಂದರೆ ಕೇಳಬೇಕಲ್ಲ. ಅಂಗಡಿಯ ಅರ್ಧಭಾಗವನ್ನು ಕನ್ನಡಕದವನಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಉಳಿದರ್ಧವನ್ನು ಅಳಿಯ ನೋಡಿಕೊಳ್ಳುತ್ತಾನೆ, ಇವರಿಗೆ ಪುರುಸೊತ್ತೋ ಪುರುಸೊತ್ತು.

“ನೀವು ಹೋಗಿ, ಸಂಜೆ ಬಸ್ಸಿಗೆ ಬರ್ತೀನಿ” ಎಂದು ಗೇಟಿನಲ್ಲಿ ಇಳಿದೆ.

“ನೀವು ಒಳಗೆ ನಡೀರಿ. ನಾನು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.”

“ಯಾಕೆ?”

“ಮೊದಲನೇ ದಿನ. ಓಡಿ ಬಂದುಬಿಟ್ರೆ?”

ಒಳಗೆ ಪಾಲಿಶ್ ಅಕ್ಕ ಎಲ್ಲರಿಗೂ ಪರಿಚಯ ಮಾಡಿಸಿದಳು. ನನಗೆ ಕಲಿಸಲು ಇಪ್ಪತ್ತಮೂರರ ಒಬ್ಬ ಹುಡುಗಿ. ಮಷಿನ್ನಿನ ಪರದೆ ಮೇಲೆ ಎಲ್ಲಿ ಒತ್ತಬೇಕೆಂದು ಮೂರು ಸಲ ಹೇಳಿದಳು. ನಾಲ್ಕನೇ ಸಲವೂ ಬೇರೆಡೆ ಒತ್ತಿದೆ, ಇಡೀ ಸಾಲು ನಿಂತಿತು. “ಪರವಾಗಿಲ್ಲ ಅಂಕಲ್, ನಾನು ಮೊದಲ ವಾರ ಕರೆಂಟೇ ತೆಗೆಸಿದ್ದೆ” ಎಂದಳು. ಐದನೇ ಸಲ ಸರಿಯಾಗಿ ಒತ್ತಿದೆ.

ಟೀ ಹೊತ್ತಿಗೆ ಕಿಟಕಿಯಿಂದ ನೋಡಿದರೆ ನಮ್ಮ ಬೀಗರು ಇನ್ನೂ ಅಲ್ಲೇ, ರಸ್ತೆಯಾಚೆ ಸ್ಕೂಟರಿನ ಮೇಲೆ ಕೂತು ಈ ಕಡೆಗೇ ಕಣ್ಣು ನೆಟ್ಟಿದ್ದರು. ಎಲ್ಲ ಸರಿಯಾಗಿದೆ, ಹೋಗಿ ಎಂದು ಕೈ ಬೀಸಿದೆ.

ಬನ್ನಿ ಎಂದೆನೆಂದು ತಿಳಿದು, ಅಷ್ಟು ವಾಹನಗಳ ನಡುವೆ ರಸ್ತೆ ದಾಟಿ ಓಡಿ ಬಂದುಬಿಟ್ಟರು.